ಉಮ್ಮನ ಆಂಥೂರಿಯಂಗೆ ಚಟ್ಟಿ ಬದಲಿಸಿದ ಕಥೆ

ನಮ್ಮ ಬ್ಯಾರಿಗಳ ಮನೆ ಜಗಲಿಯಲ್ಲಿ ಎರಡು ವಸ್ತು ಇಲ್ಲದಿರುವುದು ಕಡಿಮೆ. ಒಂದು, ಮೆಟ್ಟಿಲ ಬದಿಯಲ್ಲಿ ಕಾಲು ತೊಳೆಯಲಿಕ್ಕೆ ನೀರಿನ ಬಕೆಟ್ಟು. ಇನ್ನೊಂದು, ಆ ನೀರು ಸಿಡಿಯುವಷ್ಟು ಹತ್ತಿರದಲ್ಲಿ ಸಾಲಾಗಿ ಇಟ್ಟ ಆಂಥೂರಿಯಂ ಚಟ್ಟಿ. ಉಳ್ಳಾಲಕ್ಕೆ ಹೋಗಿ, ದೇರಳಕಟ್ಟೆಗೆ ಹೋಗಿ, ಬಂಟ್ವಾಳದ ಒಳಗಿನ ಊರುಗಳಿಗೆ ಹೋಗಿ, ಗೇಟು ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಆ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕೆಂಪು ಹೂ. ಮನೆಯ ಹೆಂಗಸರ ಕೈಯಲ್ಲೇ ಬೆಳೆದದ್ದು ಅದು. ಕಂಪೌಂಡಿನಾಚೆ ಹೆಚ್ಚು ಹೋಗದ ನಮ್ಮ ಉಮ್ಮಂದಿರಿಗೆ ತೋಟ ಎಂದರೆ ಜಗಲಿಯ ಈ ನಾಲ್ಕು ಅಡಿ ಜಾಗ.

ನಮ್ಮ ಉಮ್ಮನ ಹತ್ತಿರ ಹದಿನಾಲ್ಕು ಚಟ್ಟಿ ಇತ್ತು. ಕೆಂಪು, ತಿಳಿ ಗುಲಾಬಿ, ಕೇಸರಿ, ಮತ್ತೆ ಒಂದೇ ಒಂದು ಬಿಳಿ. ಬೆಳಿಗ್ಗೆ ಸುಬಹಿ ನಮಾಜ್ ಮುಗಿಸಿ, ನಾವು ಮದ್ರಸಕ್ಕೆ ಹೊರಡುವ ಮೊದಲೇ ಉಮ್ಮ ಒಂದೊಂದು ಚಟ್ಟಿಯ ಮುಂದೆ ಕೂತು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಎಲ್ಲವನ್ನೂ ಕಿತ್ತು ಬೇರೆ ಚಟ್ಟಿಗೆ ಹಾಕುವುದೂ ಅವರದೇ ಕೆಲಸ. ನಾವು ನೋಡಿದ್ದೇವೆ, ಆದರೆ ಗಮನಿಸಲಿಲ್ಲ. ಅದಕ್ಕೆ ಬೆಲೆ ಕೊಡಬೇಕಾಗಿ ಬಂತು.

ಉಮ್ಮ ವಫಾತಾಗಿ ಒಂದು ವರ್ಷಕ್ಕೆ ಹಳೆ ಹಂಚಿನ ಮನೆ ತೆಗೆದು ತಾರಸಿ ಮನೆ ಕಟ್ಟಿದೆವು. ಕೆಲಸ ಮುಗಿಯುವವರೆಗೆ ಚಟ್ಟಿಗಳೆಲ್ಲ ಹಿತ್ತಲಿನ ಹಲಸಿನ ಮರದ ಅಡಿಯಲ್ಲಿ ಇದ್ದವು. ಹೊಸ ಮನೆಗೆ ಹೊಸ ಚಟ್ಟಿ ಬೇಡವೇ? ಪೇಟೆಯಿಂದ ದೊಡ್ಡ ದೊಡ್ಡ ಸಿಮೆಂಟ್ ಚಟ್ಟಿ ತಂದೆವು, ಒಂದೊಂದರಲ್ಲಿ ಮಗುವನ್ನು ಕೂರಿಸಿ ಮೀಯಿಸಬಹುದು, ಅಷ್ಟು ದೊಡ್ಡದು. ಗುಡ್ಡೆಯ ಕೆಂಪು ಮಣ್ಣು ತರಿಸಿದೆವು. ಗಿಡ ಮಾರುವ ಒಬ್ಬರು ಹೇಳಿದರೆಂದು ಕೋಳಿ ಗೊಬ್ಬರ ಒಂದು ಗೋಣಿ ತಂದು ಧಾರಾಳವಾಗಿ ಬೆರೆಸಿದೆವು. ಉಮ್ಮನ ಗಿಡಕ್ಕೆ ಕಡಿಮೆ ಮಾಡಬಾರದಲ್ಲ. ಜೂನ್ ಮೊದಲ ವಾರ ನೆಟ್ಟು, ಮಳೆ ನೀರು ಚೆನ್ನಾಗಿ ಸಿಗಲಿ ಎಂದು ಅಂಗಳದ ಬದಿಯಲ್ಲಿ ಸಾಲಾಗಿ ಇಟ್ಟೆವು.

ಆಗಸ್ಟ್ ಮುಗಿಯುವಾಗ ಒಂಬತ್ತು ಗಿಡ ಹೋಗಿತ್ತು. ಎಲೆ ಹಳದಿಯಾಯಿತು, ಮತ್ತೆ ಕಂದು, ಆಮೇಲೆ ಕಾಂಡವನ್ನು ಮುಟ್ಟಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಕೈಗೆ ಬರುತ್ತಿತ್ತು. ನೀರು ಸಾಲದೆ ಹೀಗಾಗುವುದು ಎಂದು ಮಳೆ ಬಿಟ್ಟ ದಿನ ನಾವು ಕೊಡದಲ್ಲಿ ಬೇರೆ ನೀರು ಸುರಿಯುತ್ತಿದ್ದೆವು!

ತಂಗಿ ಗಂಡನ ಮನೆಯಿಂದ ಬಂದವಳು ಅಂಗಳದಲ್ಲೇ ನಿಂತುಬಿಟ್ಟಳು. ಚಟ್ಟಿಗಳನ್ನು ಎಣಿಸಿದಳು. "ಬಿಳಿದು ಎಲ್ಲಿ?" ಎಂದು ಮಾತ್ರ ಕೇಳಿದಳು. ಬಿಳಿದು ಮೊದಲೇ ಹೋಗಿತ್ತು. ಉಮ್ಮನ ಬಟ್ಟೆ ಬರೆ ಬಡವರಿಗೆ ಕೊಟ್ಟಾಗಿತ್ತು, ಹಳೆ ಮನೆ ನೆಲಸಮ ಆಗಿತ್ತು, ಇನ್ನು ಉಮ್ಮನ ಕೈ ಹತ್ತಿದ್ದು ಎಂದು ಇದ್ದದ್ದು ಈ ಗಿಡಗಳು ಮಾತ್ರ. ಮಕ್ಕಳಿಗೆ ಪಾಠ ಹೇಳುವ ಬಾಯಿಗೆ ಆ ಹೊತ್ತು ಒಂದು ಉತ್ತರ ಹುಟ್ಟಲಿಲ್ಲ.

ಆ ಸಂಜೆ ನೆರೆಮನೆಯ ಹಜ್ಜುಮ್ಮ ಬಂದರು. ಉಮ್ಮನ ಜೊತೆಗಾತಿ, ಪ್ರಾಯ ಎಪ್ಪತ್ತು ದಾಟಿದೆ. ಸತ್ತ ಒಂದು ಗಿಡವನ್ನು ಬುಡ ಸಮೇತ ಎಳೆದು ಮೂಗಿನ ಹತ್ತಿರ ಹಿಡಿದರು. "ವಾಸನೆ ನೋಡಿ ಉಸ್ತಾದ್, ಚರಂಡಿದು. ಇದಕ್ಕೆ ಉಸಿರು ಕಟ್ಟಿ ಹೋದದ್ದು" ಎಂದರು. ಮತ್ತೆ ಸಿಮೆಂಟ್ ಚಟ್ಟಿಯ ಒಳಗೆ ಇಣುಕಿ, "ಇಷ್ಟು ದೊಡ್ಡ ಮನೆ ಯಾರಿಗೆ ಕಟ್ಟಿಸಿದ್ದು?" ಎಂದು ಕೇಳಿದರು. ನಗು ಬಂತು, ನಗುವ ಹಾಗಿರಲಿಲ್ಲ.

ಹಜ್ಜುಮ್ಮ ಹೇಳಿದ ಒಂದು ಮಾತು, 'ಉಸಿರು ಕಟ್ಟಿದ್ದು', ಅದನ್ನೇ ಹಿಡಿದುಕೊಂಡು ನಾವು ಆಮೇಲೆ ಓದಿ, ತೋಟಗಾರಿಕೆ ಗೊತ್ತಿದ್ದವರನ್ನು ಕೇಳಿ, ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಹಾಗೆ ಪ್ರೀತಿಯಿಂದ ಗಿಡ ಕೊಲ್ಲುವವರು ಇನ್ನೂ ಇರಬಹುದು.

ಮೊದಲು ಗಿಡ ಎಲ್ಲಿಯದು ಎಂದು ತಿಳಿಯಬೇಕು. ಆಂಥೂರಿಯಂ ನಮ್ಮ ಊರಿನದ್ದಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯ, ಇಕ್ವೆಡಾರ್ ದೇಶಗಳ ಮಳೆಕಾಡಿನದ್ದು. 1876ರಲ್ಲಿ ಎದುವಾರ್ ಆಂದ್ರೆ ಎಂಬ ಫ್ರಾನ್ಸಿನ ಸಸ್ಯಶೋಧಕ ಕೊಲಂಬಿಯದಲ್ಲಿ ಇದನ್ನು ಸಂಗ್ರಹಿಸಿದ. ಅವನ ಹೆಸರೇ ಗಿಡದ ಶಾಸ್ತ್ರೀಯ ಹೆಸರಿನಲ್ಲಿ ಸೇರಿಕೊಂಡಿದೆ. ಅಲ್ಲಿಂದ ಯುರೋಪಿಗೆ, ಯುರೋಪಿನಿಂದ ಹವಾಯಿ ದ್ವೀಪಕ್ಕೆ, ಹಾಗೆ ಲೋಕವೆಲ್ಲ ಸುತ್ತಿ ನಮ್ಮ ಜಗಲಿಗೆ ಬಂದಿದೆ. ನಾವು ಹೂ ಎನ್ನುವ ಆ ಕೆಂಪು ಹಾಳೆ ನಿಜವಾಗಿ ಹೂವಲ್ಲ, ಬಣ್ಣ ಬಂದ ಒಂದು ಎಲೆ. ನಡುವೆ ಎದ್ದು ನಿಂತ ಕಡ್ಡಿಯ ಮೇಲೆ ಸಾಸಿವೆಗಿಂತ ಸಣ್ಣದಾಗಿ ಒತ್ತೊತ್ತಾಗಿ ಇರುವುದೇ ಹೂಗಳು. ಗ್ರೀಕ್ ಭಾಷೆಯಲ್ಲಿ ಆಂಥೂರಿಯಂ ಎಂದರೆ ಹೂವಿನ ಬಾಲ ಎಂದು ಅರ್ಥವಂತೆ. ಮದ್ರಸದ ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಅವರು ಗಿಡವನ್ನು 'ಬಾಲದ ಹೂ' ಎಂದೇ ಕರೆಯುತ್ತಾರೆ.

ಆ ಕಾಡಿನಲ್ಲಿ ಇದು ದೊಡ್ಡ ಮರಗಳ ನೆರಳಿನಲ್ಲಿ, ಮರದ ಕಾಂಡಕ್ಕೆ ಅಂಟಿಕೊಂಡೋ ನೆಲಕ್ಕೆ ಉದುರಿದ ತರಗೆಲೆಯ ರಾಶಿಯಲ್ಲೋ ಬೆಳೆಯುತ್ತದೆ. ಮಣ್ಣಿನ ಆಳಕ್ಕೆ ಇಳಿಯುವ ಬೇರು ಅಲ್ಲವೇ ಅಲ್ಲ. ಬೆರಳಿನ ಹಾಗೆ ದಪ್ಪ, ಗಾಳಿಯಲ್ಲಿ ನೇತಾಡಿದರೂ ಬದುಕುವ ಬೇರು. ಅದಕ್ಕೆ ತೇವ ಬೇಕು, ಆದರೆ ನೀರು ನಿಲ್ಲಬಾರದು. ನಮ್ಮ ಕೆಂಪು ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಇಟ್ಟಿಗೆ. ಅದರೊಳಗೆ ಗಾಳಿ ಎಲ್ಲಿಂದ ಬರಬೇಕು? ಅದರ ಮೇಲೆ ಕರಾವಳಿಯ ಮಳೆ. ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಬೀಳುವ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆ ಸಮಯದಲ್ಲಿ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ಸಿಮೆಂಟ್ ಚಟ್ಟಿಯ ಮಣ್ಣು ಒಣಗುತ್ತದೆಯೇ.

ಚಟ್ಟಿ ದೊಡ್ಡದಾದಷ್ಟು ಒಳ್ಳೆಯದು ಎಂದು ತಿಳಿದದ್ದು ನಮ್ಮ ಎರಡನೆಯ ತಪ್ಪು. ಬೇರು ಇರುವ ಜಾಗದ ನೀರನ್ನು ಬೇರು ಕುಡಿಯುತ್ತದೆ. ಬೇರು ತಲುಪದ ಜಾಗದ ನೀರನ್ನು ಕುಡಿಯುವವರು ಯಾರು? ಅದು ಅಲ್ಲೇ ನಿಂತು ಹುಳಿಯುತ್ತದೆ, ಕೊಳೆರೋಗ ಅಲ್ಲಿಂದ ಶುರುವಾಗುತ್ತದೆ. ಆದ್ದರಿಂದ ಹೊಸ ಚಟ್ಟಿ ಹಳೆಯದಕ್ಕಿಂತ ಎರಡು ಇಂಚು ಅಗಲ ಇದ್ದರೆ ಸಾಕು. ಬೇರು ಕೊಳೆತು ಅರ್ಧ ಕತ್ತರಿಸಿ ತೆಗೆದಿದ್ದರೆ ಹಳೆಯದಕ್ಕಿಂತ ಸಣ್ಣ ಚಟ್ಟಿಯೇ ಆಗಬೇಕು. ಮಣ್ಣಿನ ಚಟ್ಟಿ ಎಲ್ಲದಕ್ಕಿಂತ ಒಳ್ಳೆಯದು, ಅದರ ಮೈಯೇ ಉಸಿರಾಡುತ್ತದೆ. ಪೇಂಟಿನ ಡಬ್ಬವೂ ಆಗುತ್ತದೆ, ಪೇಂಟು ಸರಿ ತೊಳೆದು ಅಡಿಯಲ್ಲಿ ಐದಾರು ತೂತು, ಬದಿಯಲ್ಲಿ ನಾಲ್ಕು ತೂತು ಮಾಡಿದರೆ. ನಮ್ಮ ಸಿಮೆಂಟ್ ಚಟ್ಟಿಗಳಲ್ಲಿ ಈಗ ಬಸಳೆ ಉಂಟು, ಅದು ಬಹಳ ಸುಖವಾಗಿದೆ.

ಚಟ್ಟಿ ಬದಲಿಸುವ ಸಮಯ ಬಂತೆಂದು ಗಿಡವೇ ಹೇಳುತ್ತದೆ. ಅಡಿಯ ತೂತಿನಿಂದ ಬೇರು ಹೊರಗೆ ಇಣುಕುತ್ತದೆ. ನೀರು ಹೊಯ್ದ ಕೂಡಲೇ ಒಳಗೆ ನಿಲ್ಲದೆ ಬದಿಯಿಂದ ಹರಿದು ಹೋಗುತ್ತದೆ. ಕೆಳಗಿನ ಎಲೆಗಳು ಉದುರಿ ಕಾಂಡ ಬೋಳಾಗಿ, ಮೇಲೆ ಮಾತ್ರ ನಾಲ್ಕು ಎಲೆ ಇಟ್ಟುಕೊಂಡು ಗಿಡ ಒಂದು ಕಡೆಗೆ ವಾಲುತ್ತದೆ. ಹೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಸಾಧಾರಣವಾಗಿ ಎರಡು ಮೂರು ವರ್ಷಕ್ಕೊಮ್ಮೆ ಇದು ಬರುತ್ತದೆ. ಉಮ್ಮನ ಲೆಕ್ಕ ಸರಿಯಾಗಿಯೇ ಇತ್ತು.

ಯಾವ ತಿಂಗಳು ಎನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮೇ ಕೊನೆಗೆ ಒಂದೆರಡು ಮಳೆ ಬಿದ್ದು ಸೆಕೆ ಇಳಿದ ಮೇಲೆ ಮಾಡುವವರಿದ್ದಾರೆ. ಮಾಡಬಹುದು, ಆದರೆ ಆಮೇಲೆ ಗಿಡವನ್ನು ಮಾಡಿನ ಅಡಿಯಲ್ಲೇ ಇಡುವ ಜಾಗ ಇರಬೇಕು. ಜೂನ್‌ನ ಜಡಿಮಳೆಯಲ್ಲಿ ಹೊಸದಾಗಿ ಗಾಯವಾದ ಬೇರನ್ನು ಹೊರಗಿಡುವುದು ಆಪರೇಷನ್ ಆದವರನ್ನು ಗದ್ದೆಗೆ ಕಳಿಸಿದ ಹಾಗೆ. ನಮಗೆ ಸರಿ ಕಂಡದ್ದು ಸೆಪ್ಟೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಗಾಳಿಯಲ್ಲಿ ತೇವ ಇನ್ನೂ ಇರುತ್ತದೆ, ಬಿಸಿಲು ಹದವಾಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಮುಟ್ಟಬೇಡಿ.

ಇನ್ನು ಮಣ್ಣಿನ ಬದಲು ಏನು? ನಮ್ಮ ಜಿಲ್ಲೆಯವರು ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹಿತ್ತಲಲ್ಲಿ ಬಿದ್ದಿರುವ ತೆಂಗಿನ ಸಿಪ್ಪೆಯನ್ನು ಒಂದೂವರೆ ಇಂಚಿನ ತುಂಡು ಮಾಡಿ ನೀರಿನಲ್ಲಿ ನೆನೆಹಾಕಿ. ಮೊದಲ ದಿನ ನೀರು ಕಡು ಚಹಾದ ಬಣ್ಣಕ್ಕೆ ಬರುತ್ತದೆ. ಅದು ಸಿಪ್ಪೆಯ ಒಗರು, ಅದರ ಜೊತೆ ಉಪ್ಪಿನಂಶವೂ ಉಂಟು. ಎರಡೂ ಎಳೆ ಬೇರಿಗೆ ಆಗುವುದಿಲ್ಲ. ನೀರನ್ನು ಚೆಲ್ಲಿ ಬೇರೆ ಹಾಕಬೇಕು. ನಾಲ್ಕೈದು ಸಲ ಬದಲಿಸಿ ನೀರು ಸುಮಾರು ತಿಳಿಯಾದ ಮೇಲೆ ಸಿಪ್ಪೆ ತಯಾರು. ಹೊಸದಕ್ಕಿಂತ ಒಂದು ಮಳೆಗಾಲ ಹೊರಗೆ ಬಿದ್ದು ನೆನೆದ ಹಳೆ ಸಿಪ್ಪೆ ಇನ್ನೂ ಒಳ್ಳೆಯದು. ಅದರ ಜೊತೆ ಒಲೆಯ ಇದ್ದಿಲು, ಬೂದಿ ತೊಳೆದು, ಕಡಲೆಕಾಯಿಯಷ್ಟು ದೊಡ್ಡ ಚೂರುಗಳು. ಮತ್ತೆ ಒಡೆದ ಹಂಚಿನ ಚೂರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಹಂಚಿಗೆ ಈ ಊರಿನಲ್ಲಿ ಬರಗಾಲ ಇಲ್ಲ, ಈಗಂತೂ ಹಳೆ ಮನೆ ಕೆಡವಿದ ಎಲ್ಲ ಕಡೆ ರಾಶಿ ಬಿದ್ದಿದೆ. ನಮ್ಮದೇ ಹಳೆ ಮಾಡಿನ ಹಂಚು ಮೂಲೆಯಲ್ಲಿತ್ತು. ಉಮ್ಮನ ಗಿಡಕ್ಕೆ ಉಮ್ಮನ ಮನೆಯ ಹಂಚು ಒಡೆದು ಹಾಕಿದೆವು. ಸ್ವಲ್ಪ ತೊಳೆದ ಹೊಯಿಗೆ, ಎರಡು ಮುಷ್ಟಿ ಚೆನ್ನಾಗಿ ಕಳಿತ ಸೊಪ್ಪಿನ ಗೊಬ್ಬರ ಸೇರಿಸಬಹುದು. ಸಮುದ್ರ ಬದಿಯವರು ಕಡಲ ಹೊಯಿಗೆ ತರಬೇಡಿ, ಉಪ್ಪು. ಲೆಕ್ಕ ಬೇಕೆಂದರೆ ಅರ್ಧದಷ್ಟು ಸಿಪ್ಪೆ, ಉಳಿದ ಅರ್ಧದಲ್ಲಿ ಬಾಕಿ ಎಲ್ಲ. ಒಂದು ಚೊಂಬು ನೀರು ಹೊಯ್ದರೆ ಒಂದೆರಡು ಉಸಿರಿನಲ್ಲಿ ಅಡಿಯಿಂದ ಇಳಿಯಬೇಕು, ಅದೇ ಪರೀಕ್ಷೆ.

ಕೋಳಿ ಗೊಬ್ಬರದ ವಿಷಯ ಕೇಳಲೇಬೇಡಿ. ಹಸಿ ಕೋಳಿ ಗೊಬ್ಬರದ ಬಿಸಿಗೆ ಬಾಳೆಯೇ ತತ್ತರಿಸುತ್ತದೆ, ಈ ಬೇರು ಸುಟ್ಟು ಹೋಗುತ್ತದೆ.

ಉಳಿದ ಐದು ಗಿಡವನ್ನು ಬಿಡಿಸಲು ಹಜ್ಜುಮ್ಮನೇ ಬಂದು ನಮ್ಮ ಮನೆಯವಳ ಜೊತೆ ಜಗಲಿಯಲ್ಲಿ ಕೂತರು. ನಮ್ಮ ಪಾಲಿಗೆ ಹಂಚು ಒಡೆಯುವ, ನೀರು ತರುವ ಕೆಲಸ. ಹಿಂದಿನ ದಿನವೇ ನೀರು ಹಾಕಿರಬೇಕಂತೆ, ಆಗ ಬೇರು ಮೆದುವಾಗಿ ಚಟ್ಟಿಯಿಂದ ಬಿಡುತ್ತದೆ. ಗಿಡವನ್ನು ಎಳೆಯಲಿಕ್ಕಿಲ್ಲ. ಚಟ್ಟಿಯನ್ನು ಮಲಗಿಸಿ, ಸುತ್ತ ತಟ್ಟಿ, ಬುಡ ಹಿಡಿದು ಹೊರಗೆ ಜಾರಿಸುವುದು. ಕೆಂಪು ಮಣ್ಣನ್ನು ಕೈಯಿಂದ ಕೀಳದೆ ಬಕೆಟ್ ನೀರಿನಲ್ಲಿ ಅಲುಗಾಡಿಸಿ ಬಿಡಿಸಿದರು. ಒಳ್ಳೆಯ ಬೇರು ಬಿಳಿ, ಗಟ್ಟಿ, ಹುರುಳಿಕಾಯಿ ಮುರಿದ ಹಾಗೆ ಟಕ್ಕೆಂದು ಮುರಿಯುತ್ತದೆ. ಕೆಟ್ಟದ್ದು ಕಂದು, ಒತ್ತಿದರೆ ಸಿಪ್ಪೆ ಜಾರಿ ಒಳಗೆ ನೂಲು ಮಾತ್ರ ಉಳಿಯುತ್ತದೆ. ಕೆಟ್ಟದ್ದನ್ನು ಪೂರ್ತಿ ಕತ್ತರಿಸಬೇಕು, ಕನಿಕರ ತೋರಿಸಬಾರದು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ. ಈ ಗಿಡಕ್ಕೆ ಬ್ಯಾಕ್ಟೀರಿಯದಿಂದ ಬರುವ ಒಂದು ಎಲೆರೋಗ ಉಂಟು, ಎಲೆಯ ಅಂಚಿನಲ್ಲಿ ನೀರು ತುಂಬಿದ ಹಾಗೆ ಕಲೆಯಾಗಿ ಸುತ್ತ ಹಳದಿಯಾಗುತ್ತದೆ. ಅದು ಮಳೆ ಹನಿ ಸಿಡಿದು ಹರಡುತ್ತದೆ, ಕತ್ತಿಯ ಬಾಯಲ್ಲೂ ಹರಡುತ್ತದೆ. ಅಂಥ ಗಿಡ ಕಂಡರೆ ಅದನ್ನು ಸಾಲಿನಿಂದ ದೂರ ಇಡಬೇಕು.

ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳುವುದು ಒಳ್ಳೆಯದು. ಆಂಥೂರಿಯಂ ನಮ್ಮ ಕೆಸುವಿನ, ಸುವರ್ಣಗೆಡ್ಡೆಯ ಕುಟುಂಬದ್ದೇ. ಪತ್ರೊಡೆಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುವುದಿಲ್ಲವೇ, ಅದೇ ಸೂಜಿಯಂಥ ಹರಳು ಇದರ ರಸದಲ್ಲೂ ಉಂಟು. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಚಟ್ಟಿಯನ್ನು ನೆಲದಲ್ಲಿ ಇಡಬೇಡಿ. ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ.

ಬೋಳು ಕಾಂಡ ಉದ್ದವಾದ ಗಿಡಕ್ಕೆ ಹಜ್ಜುಮ್ಮ ಮಾಡಿದ್ದು ನೋಡಿ ಮನೆಯವಳು ಕಣ್ಣು ಮುಚ್ಚಿಕೊಂಡಳು. ಕಾಂಡದ ಮೇಲ್ಭಾಗದಲ್ಲಿ ಗಾಳಿಗೆ ಬಿಟ್ಟ ಬೇರು ಎರಡು ಮೂರು ಇದ್ದ ಜಾಗ ನೋಡಿ, ಅದರ ಕೆಳಗೆ ಒಂದೇ ಪೆಟ್ಟಿಗೆ ಕತ್ತರಿಸಿಬಿಟ್ಟರು! ಮೇಲಿನ ತುಂಡು ಆ ಬೇರುಗಳ ಸಮೇತ ಹೊಸ ಗಿಡ. ಕೆಳಗಿನ ಮೋಟನ್ನು ಬಿಸಾಡಲಿಕ್ಕಿಲ್ಲ, ಅದು ನೆರಳಿನಲ್ಲಿ ಹಾಗೇ ಇದ್ದರೆ ಗಿಣ್ಣಿನಿಂದ ಚಿಗುರುತ್ತದೆ. ಬುಡದಲ್ಲಿ ಮರಿ ಬಂದಿದ್ದರೆ ಅದಕ್ಕೆ ಸ್ವಂತ ಬೇರು, ಮೂರು ನಾಲ್ಕು ಎಲೆ ಆದ ಮೇಲೆಯೇ ತಾಯಿಯಿಂದ ಬಿಡಿಸುವುದು. ಅವಸರ ಮಾಡಿದರೆ ಎರಡೂ ಸೊರಗುತ್ತವೆ.

ನೆಡುವಾಗ ಅಡಿಗೆ ಹಂಚಿನ ಚೂರು, ಮೇಲೆ ಮಿಶ್ರಣ, ಅದರ ಮೇಲೆ ಬೇರನ್ನು ಹರಡಿ ಕೂರಿಸಿ, ಸುತ್ತ ಸಿಪ್ಪೆ ತುಂಬಿಸಿ ಬೆರಳಿನಿಂದ ಮೆಲ್ಲ ಒತ್ತಿದರೆ ಸಾಕು. ಎಲೆ ಹೊರಡುವ ಕುತ್ತಿಗೆಯನ್ನು ಹೂಳಬಾರದು. ಬೇರಷ್ಟೆ ಒಳಗೆ, ಚಿಗುರು ಮೇಲೆ. ಗಿಡ ನಿಲ್ಲದಿದ್ದರೆ ಒಂದು ಕೋಲು ಊರಿ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಇರುವ ಹೂಗಳನ್ನು ಕೊಯ್ದುಬಿಡಿ, ಗಿಡದ ಶಕ್ತಿ ಈಗ ಬೇರಿಗೆ ಹೋಗಲಿ.

ಆಮೇಲಿನ ಒಂದು ತಿಂಗಳು ತಾಳ್ಮೆಯದ್ದು. ಎಲೆ ಜೋತು ಬೀಳುತ್ತದೆ, ಒಂದೆರಡು ಹಳದಿಯಾಗುತ್ತದೆ. ಗಾಬರಿಯಾಗಿ ಗೊಬ್ಬರ ಹಾಕಬಾರದು. ಬೆಳಕು ಬರುವ ನೆರಳಿನಲ್ಲಿ ಇಡಿ, ನೇರ ಬಿಸಿಲು ತಾಗಿದರೆ ಎಲೆ ಇಸ್ತ್ರಿ ಪೆಟ್ಟಿಗೆ ತಾಗಿದ ಹಾಗೆ ಸುಡುತ್ತದೆ. ತೀರಾ ಕತ್ತಲೆಯ ಮೂಲೆಯೂ ಬೇಡ, ಅಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಬೆರಳನ್ನು ಒಂದು ಇಂಚು ಸಿಪ್ಪೆಯ ಒಳಗೆ ತೂರಿಸಿ, ಒಣಗಿದೆ ಅನಿಸಿದರೆ ಮಾತ್ರ ನೀರು. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಕಡೆಯವರು ಮಳೆ ನೀರು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಒಳ್ಳೆಯದು, ಮುಚ್ಚಳ ಮರೆಯಬೇಡಿ, ಸೊಳ್ಳೆ. ಹೊಸ ಎಲೆ ಸುರುಳಿ ಬಿಚ್ಚಿದ ದಿನ ತಿಳಿಯಿರಿ, ಬೇರು ಹಿಡಿದಿದೆ. ಆಮೇಲೆ ಗೊಬ್ಬರವನ್ನು ತೆಳು ನೀರಾಗಿಸಿ ತಿಂಗಳಿಗೊಮ್ಮೆ ಕೊಡಬಹುದು.

ವುಳೂ ಮಾಡುವಾಗ ಹರಿಯುವ ಹೊಳೆಯ ಬದಿಯಲ್ಲಿದ್ದರೂ ನೀರು ದುಂದು ಮಾಡಬಾರದೆಂದು ಪ್ರವಾದಿಯವರು ಕಲಿಸಿದ ಪಾಠವನ್ನು ನಾವು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇವೆ. ಅದೇ ನಾವು ಮಳೆಗಾಲದಲ್ಲಿ ಗಿಡಕ್ಕೆ ಕೊಡದಲ್ಲಿ ನೀರು ಸುರಿದದ್ದು ಹೇಗೋ ಮಕ್ಕಳ ಕಿವಿಗೆ ಬಿದ್ದಿದೆ. ಮೊನ್ನೆ ಮರ ನೆಡುವುದರ ಪುಣ್ಯದ ಹದೀಸ್ ಹೇಳುತ್ತಿದ್ದೆವು, ಮುಸ್ಲಿಮನೊಬ್ಬ ನೆಟ್ಟದ್ದರಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನಿಗೆ ಸದಖಾ ಎಂಬುದು. ಐದನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು, "ಉಸ್ತಾದ್, ಬಾಲದ ಹೂವನ್ನು ಯಾರೂ ತಿನ್ನುವುದಿಲ್ಲವಲ್ಲ, ಅದಕ್ಕೆ ಸಿಗ್ತದಾ?" ಎಂದು ಕೇಳಿದ. ಮಳೆಗಾಲದಲ್ಲಿ ಬಸವನಹುಳು ತಿನ್ನುತ್ತದೆ ಎಂದು ಇನ್ನೊಬ್ಬ ಹಿಂದಿನಿಂದ ಹೇಳಿದ. ಕ್ಲಾಸು ನಗುವಿನಲ್ಲಿ ಮುಳುಗಿತು. ಕೊಡುವುದರಲ್ಲಿ ಉಂಟು ಮಕ್ಕಳೇ, ನೆರೆಮನೆಗೆ ಒಂದು ಮರಿ ಕೊಟ್ಟರೆ ಅದೂ ಉಡುಗೊರೆಯೇ ಅಲ್ಲವೇ ಎಂದು ನಾವು ಹೇಳಿದೆವು. ಹಾಗೆ ಹೇಳಲಿಕ್ಕೆ ನಮಗೆ ಕಾರಣ ಇತ್ತು.

ಐದು ಗಿಡ ನೆಟ್ಟು ಮುಗಿದ ದಿನ ಹಜ್ಜುಮ್ಮ, "ನಾಳೆ ಮದ್ರಸ ಬಿಟ್ಟ ಮೇಲೆ ಮನೆಗೆ ಬನ್ನಿ, ನನ್ನದಕ್ಕೂ ಚಟ್ಟಿ ಬದಲಿಸಬೇಕು, ಎತ್ತಲಿಕ್ಕೆ ಕೈಯಲ್ಲಿ ಆಗುವುದಿಲ್ಲ" ಎಂದರು. ಇಬ್ಬರೂ ಹೋದೆವು. ಅವರ ಅಡುಗೆ ಕೋಣೆಯ ಹಿಂದಿನ ಚಾವಡಿಯಲ್ಲಿ ಒಂದೇ ಚಟ್ಟಿ ಇತ್ತು. ಬಿಳಿ ಆಂಥೂರಿಯಂ. ಅವರ ಮಗಳ ನಿಕಾಹ್ ಆದ ವರ್ಷ ನಮ್ಮ ಉಮ್ಮ ಮರಿ ಬಿಡಿಸಿ ಕೊಟ್ಟದ್ದಂತೆ. ನಮಗೆ ಅದು ಗೊತ್ತೇ ಇರಲಿಲ್ಲ. ಗಿಡವನ್ನು ಹೊರಗೆ ಜಾರಿಸಿದಾಗ ಬುಡದಲ್ಲಿ ನಾಲ್ಕು ಎಲೆಯ ಒಂದು ಮರಿ, ಬೆರಳುದ್ದದ ಮೂರು ಬಿಳಿ ಬೇರು. ಹಜ್ಜುಮ್ಮ ಅದನ್ನು ಬಿಡಿಸಿ, ಬಾಳೆ ಎಲೆಯಲ್ಲಿ ಸುತ್ತಿ, ನಮ್ಮ ಮನೆಯವಳ ಕೈಯಲ್ಲಿ ಇಟ್ಟರು. "ಸಣ್ಣ ಚಟ್ಟಿ ಸಾಕು" ಎಂದು ಎರಡು ಸಲ ಹೇಳಿದರು.

ಅದು ಈಗ ಜಗಲಿಯ ಉತ್ತರ ಬದಿಯಲ್ಲಿ, ಆರು ಇಂಚಿನ ಮಣ್ಣಿನ ಚಟ್ಟಿಯಲ್ಲಿ ಉಂಟು. ಕಳೆದ ಸಲ ತಂಗಿ ಬಂದಾಗ ಎಲೆ ಎಣಿಸಿದಳು, ಏಳು. ಒಂದು ಮೊಗ್ಗು ಸುರುಳಿಯೊಳಗಿಂದ ಮೂತಿ ತೋರಿಸಿತ್ತು. ತನಗೊಂದು ಮರಿ ಬೇಕೆಂದು ಕೇಳಿಕೊಂಡಳು, ಚಟ್ಟಿಗೆಂದು ಗಂಡನ ಮನೆಯಿಂದ ಪೇಂಟಿನ ಡಬ್ಬ ತರುತ್ತೇನೆ ಎಂದಾಗ ನಾವು ತೂತಿನ ಲೆಕ್ಕ ಹೇಳಿದೆವು. ಉಳಿದ ಐದರಲ್ಲಿ ಮೂರು ಚೇತರಿಸಿಕೊಂಡು ಹೂ ಬಿಟ್ಟಿವೆ. ಕತ್ತರಿಸಿಟ್ಟ ಎರಡು ಮೋಟುಗಳಲ್ಲಿ ಒಂದು ಚಿಗುರಿದೆ. ಇನ್ನೊಂದು, ಉಮ್ಮನ ಹಳೆ ಕೆಂಪಿನದ್ದು, ಇನ್ನೂ ಹಾಗೇ ಇದೆ. ಉಗುರಿನಿಂದ ಗೀರಿ ನೋಡಿದರೆ ಒಳಗೆ ಹಸಿರು ಕಾಣುತ್ತದೆ, ಹಾಗಾಗಿ ಬಿಸಾಡಲಿಲ್ಲ.